ನೂರಿಪ್ಪತ್ತರ ಚೀಟಿ

“ಅಪ್ಪಾ, ಅಜ್ಜ ಓಪನ್ ಆಗ್ತಾ ಇಲ್ಲ!”

ಚೂಟಿ ಕೂಗಿದ ರಭಸಕ್ಕೆ ಸ್ಟುಡಿಯೋದ ಒಳಕೋಣೆಯಲ್ಲಿ ಅಪ್ಪನ ಕತ್ತರಿ ಜಾರಿತು. ಪಾಸ್‌ಪೋರ್ಟ್ ಫೋಟೋದಲ್ಲಿ ಯಾರದೋ ಒಂದು ಕಿವಿ ಹೋಯಿತು. ಅಪ್ಪ ಓಡಿ ಬಂದರು.

‘ಅಜ್ಜ’ ಅಂದರೆ ಕಂಪ್ಯೂಟರಿನಲ್ಲಿದ್ದ ಒಂದು ಫೋಲ್ಡರ್. ಸ್ಟುಡಿಯೋ ಶುರು ಮಾಡಿದ ಅಜ್ಜ ಈಗ ಇಲ್ಲ. ಅವರ ಕಾಲದ ನೆಗೆಟಿವ್‌ಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಅದಕ್ಕೆ ಮೊದಲೇ ಅಪ್ಪ ಒಂದೊಂದನ್ನೂ ಸ್ಕ್ಯಾನ್ ಮಾಡಿ ಆ ಫೋಲ್ಡರಿನಲ್ಲಿ ಇಟ್ಟಿದ್ದರು.

ಅಪ್ಪ ಒಂದು ಫೋಟೋ ಕ್ಲಿಕ್ ಮಾಡಿದರು. ತೆರೆಯಲಿಲ್ಲ. ಇನ್ನೊಂದು ತೆರೆಯಿತು. ಅದರಲ್ಲಿ ಪುಟ್ಟ ಹುಡುಗನಾಗಿದ್ದ ಅಪ್ಪನ ನಗುಮುಖ ಕಾಣುತ್ತಿತ್ತು. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಜ್ಜನ ಜಾಗದಲ್ಲಿ ಬರೀ ಬೂದು ಬಣ್ಣ.

ಚೂಟಿ ಅಪ್ಪನ ಮುಖ ನೋಡಿದಳು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಪಕ್ಕದ ಬೀದಿಯ ರಿಪೇರಿ ಆಂಟಿ ಬಂದರು. ಎರಡು ತಿಂಗಳ ಹಿಂದೆ ಹಳೇ ಡಿಸ್ಕ್ ಕೆಟ್ಟಾಗ ಈ ದೊಡ್ಡ ಡಿಸ್ಕ್ ಹಾಕಿಕೊಟ್ಟವರು ಅವರೇ. ಕಂಪ್ಯೂಟರ್ ಮಾತ್ರ ಹಳೆಯದೇ. ಅಪ್ಪನ ಸ್ಕ್ಯಾನರ್ ಬೇರೆ ಯಾವುದಕ್ಕೂ ಜಪ್ಪಯ್ಯ ಅಂದರೂ ಹೊಂದುತ್ತಿರಲಿಲ್ಲ.

“ಎಷ್ಟು ತುಂಬಿಸಿದ್ದೀಯೇ?”

“ನೂರ ಐವತ್ತು ಜಿಬಿ,” ಎಂದಳು ಚೂಟಿ. ದಿನಾ ಸಂಜೆ ಕ್ಯಾಮೆರಾದಿಂದ ಫೋಟೋ ಕಾಪಿ ಮಾಡುವ ಕೆಲಸ ಅವಳದು. “ಆದ್ರೆ ಆಂಟಿ, ಇನ್ನೂ ಬೇಕಾದಷ್ಟು ಜಾಗ ಇದೆ ಅಂತ ತೋರಿಸ್ತಿತ್ತು!”

“ಜಾಗ ಇದೆ ಕಣೇ. ಆದ್ರೆ ಈ ಹಳೇ ಮೆಷಿನ್ನಿಗೆ ಅಷ್ಟು ದೂರ ಎಣಿಸೋಕೆ ಬರಲ್ಲ. ತನಗೆ ಬರೋ ಅಷ್ಟು ಎಣಿಸಿ, ಮತ್ತೆ ಒಂದರಿಂದ ಶುರು ಮಾಡುತ್ತೆ. ಹೊಸ ಫೋಟೋನೆಲ್ಲ ಮೊದಲನೇ ಜಾಗದಲ್ಲಿ ಇದ್ದವರ ಮೇಲೇ ಬರೆದುಬಿಟ್ಟಿದೆ.”

ಮೊದಲನೇ ಜಾಗದಲ್ಲಿ ಇದ್ದದ್ದು ಅಜ್ಜ.

“ಅದು ನಮಗೆ ಯಾಕೆ ಹೇಳಲಿಲ್ಲ?” ಚೂಟಿ ಕೇಳಿದಳು.

“ತನಗೆ ಗೊತ್ತಿಲ್ಲ ಅನ್ನೋದೇ ಅದಕ್ಕೆ ಗೊತ್ತಿಲ್ಲ. ನಾನು ಹೇಳಿದ್ನಲ್ಲ, ನೂರಿಪ್ಪತ್ತು ಆಗ್ತಿದ್ದ ಹಾಗೆ ನನ್ನ ಕರಿ ಅಂತ?”

ಮಾನಿಟರಿನ ಮೂಲೆಯಲ್ಲಿ ಆಂಟಿ ಅಂಟಿಸಿದ್ದ ಚೀಟಿ ಇನ್ನೂ ಇತ್ತು: ‘೧೨೦.’ ಅವತ್ತು ಆಂಟಿ “ಗೊತ್ತಾಯ್ತಾ?” ಎಂದು ಕೇಳಿದ್ದರು. ಚೂಟಿ ತಲೆಯಾಡಿಸಿದ್ದಳು. ಕ್ಲಾಸಿನಲ್ಲಿ ಭಿನ್ನರಾಶಿ ಲೆಕ್ಕಕ್ಕೂ ಅವಳು ಹಾಗೇ ತಲೆಯಾಡಿಸುತ್ತಾಳೆ.

“ಆ ಫೋಟೋ ವಾಪಸ್ ಬರುತ್ತಾ?” ಅಪ್ಪ ಮೆಲ್ಲಗೆ ಕೇಳಿದರು.

“ಯಾವುದರ ಮೇಲೆ ಬರೆದಿದೆಯೋ ಅದು ಬರಲ್ಲ. ಉಳಿದದ್ದನ್ನ ತೆಗೀತೀನಿ.”

ಚೂಟಿಯ ಕಣ್ಣಲ್ಲಿ ನೀರು ತುಂಬಿತು. ಆಂಟಿ ದೊಡ್ಡ ಡಿಸ್ಕ್ ಬಿಚ್ಚಿ, ಚಿಕ್ಕದೊಂದನ್ನು ಕೂರಿಸಿದರು.

“ಇನ್ಮೇಲೆ ಎಲ್ಲಾ ಈ ಚಿಕ್ಕದಕ್ಕೆ ಹಾಕು. ವಾರಕ್ಕೊಂದ್ಸಲ ದೊಡ್ಡದಕ್ಕೆ ಕಾಪಿ ಆಗ್ಬೇಕು. ಆದ್ರೆ ದೊಡ್ಡದನ್ನ ಈ ಮೆಷಿನ್ನಿಗೆ ಹಾಕೋ ಹಾಗಿಲ್ಲ. ಗೊತ್ತಾಯ್ತಾ?”

ಚೂಟಿಯ ತಲೆ ತಾನಾಗಿಯೇ ಆಡತೊಡಗಿತು. ಅವಳ ಕಣ್ಣು ಚೀಟಿಯ ಮೇಲೆ ಬಿತ್ತು. ತಲೆ ನಿಂತಿತು.

“ಇಲ್ಲ ಆಂಟಿ. ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”

ಅಪ್ಪ ಒಂದು ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತರು.

“ನಂಗೂ ಹೇಳಿ,” ಎಂದರು. “ಅವತ್ತು ನಾನೂ ಸುಮ್ಮನೆ ತಲೆ ಆಡ್ಸಿದ್ದೆ.”