ಅವನು ಅಳಿಸಿಹಾಕಿದ ಖಾತೆ

"ನನಗೆ ಹೇಳ್ಬೇಡಿ. ದಯವಿಟ್ಟು."

ಅವಳು ತನ್ನ ಹೊಸ ಮೇಲ್ ಖಾತೆಯ ಪಾಸ್‌ವರ್ಡಿನ ಮೊದಲ ಅಕ್ಷರ ಹೇಳುವಷ್ಟರಲ್ಲೇ ಅವನು ಎರಡೂ ಕಿವಿ ಮುಚ್ಚಿಕೊಂಡಿದ್ದ. ಅಷ್ಟು ಸಾಲದೆಂದು ಕುರ್ಚಿಸಮೇತ ಗೋಡೆಯ ಕಡೆ ತಿರುಗಿ ಕೂತ.

ಎಂಥ ಮನುಷ್ಯನಪ್ಪಾ ಇವನು... ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಎದೆಯಲ್ಲಿ ಇನ್ನೂ ಏನೋ ಆಯಿತು. ಅದೇನೆಂದು ಒಪ್ಪಿಕೊಳ್ಳಲು ಮಾತ್ರ ಅವಳು ತಯಾರಿರಲಿಲ್ಲ.

ರಕ್ತಪರೀಕ್ಷೆಯ ಆ ಪುಟ್ಟ ಲ್ಯಾಬಿಗೆ ಅಪ್ಪ ಯಜಮಾನರು, ಅವಳೇ ಟೆಕ್ನಿಷಿಯನ್. ರೋಗಿಗಳಿಗೆ ವರದಿ ಕಳಿಸುತ್ತಿದ್ದ ಪುಕ್ಕಟೆ ಇಮೇಲ್ ಖಾತೆ ಒಂದು ಬೆಳಿಗ್ಗೆ ಕಾರಣವನ್ನೂ ಹೇಳದೆ ಬಂದ್ ಆಗಿತ್ತು. ಇನ್ನು ಯಾರ ಹಂಗೂ ಬೇಡ, ಮೇಲ್ ಕಳಿಸಲು ನಮ್ಮದೇ ಕಂಪ್ಯೂಟರ್, ಅಂದರೆ ಸರ್ವರ್ ಇಟ್ಟುಕೊಳ್ಳೋಣ ಎಂದು ಅಪ್ಪ ಹಟ ಹಿಡಿದು ಇವನನ್ನು ಕರೆಸಿದ್ದರು. ಲಿನಕ್ಸ್ ಬಿಟ್ಟು ಬೇರೇನನ್ನೂ ಮುಟ್ಟದ ಆಸಾಮಿ. ಅವನ ಲ್ಯಾಪ್‌ಟಾಪಿಗೆ ಅಂಟಿಸಿದ್ದ ಲಿನಕ್ಸ್‌ನ ಪೆಂಗ್ವಿನ್ ಹಕ್ಕಿಯ ಚಿತ್ರ ನೋಡಿ ಅಪ್ಪ ಅವನಿಗೆ 'ಪೆಂಗ್ವಿನ್' ಎಂದೇ ಹೆಸರಿಟ್ಟರು.

ಅವಳ ಹಿಂಜರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಮದುವೆ ಮಾತುಕತೆಯೆಲ್ಲ ಮುಗಿದ ಮೇಲೆ ಹುಡುಗ ಸದ್ದಿಲ್ಲದೆ ಜಾರಿಕೊಂಡಿದ್ದ. ಯಾಕೆಂದು ಫೋನ್ ಮಾಡಿ ಕೇಳಿದ್ದಕ್ಕೆ ಆ ಕಡೆಯಿಂದ ಬಂದದ್ದು ನಗು. ಇನ್ನು ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ಅಂದೇ ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಕೆಲಸ ವಾರಗಟ್ಟಲೆ ನಡೆಯಿತು. ಅವನು ಪಕ್ಕದಲ್ಲಿ ಕೂತು ಹೇಳುವುದು, ಅವಳು ಟೈಪ್ ಮಾಡುವುದು. ತಪ್ಪಾದರೆ ಪರವಾಗಿಲ್ಲ, ಇನ್ನೊಂದ್ಸಲ ಮಾಡಿ ಎನ್ನುತ್ತಿದ್ದ. ಹೊಸ ಖಾತೆ ತೆರೆಯುವುದನ್ನು ರೂಢಿ ಮಾಡಿಕೊಳ್ಳಲು ಅವಳು ಗಡಿಯಾರದ ಹೆಸರಲ್ಲಿ, ಅಪ್ಪನ ಕನ್ನಡಕದ ಹೆಸರಲ್ಲೆಲ್ಲ ಖಾತೆ ಮಾಡಿದಳು. ಮೊದಲ ಮೇಲ್ ಹೊರಗೆ ಹೋಗಿ ತಲುಪಿದ ದಿನ ಇಬ್ಬರೂ ಪರದೆಯನ್ನೇ ನೋಡುತ್ತ ಕೂತಿದ್ದರು.

ಅವನು ಹೊರಡುವ ಹಿಂದಿನ ದಿನ ಅವಳು ತನ್ನ ಮಾತನ್ನು ತಾನೇ ಮುರಿದಳು. ಅವನ ಹೆಸರಲ್ಲೊಂದು ಖಾತೆ ತೆರೆದು, ಅದಕ್ಕೆ ಒಂದೇ ಒಂದು ಮೇಲ್ ಬರೆದಳು. ನಾಳೆ ಖಾತೆಗಳನ್ನೆಲ್ಲ ನೋಡುವಾಗ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ...

ಬಿತ್ತು. ಆ ಸಾಲಿನ ಮೇಲೆ ಅವನ ದೃಷ್ಟಿ ನಿಂತದ್ದನ್ನು ಅವಳು ಮೈಕ್ರೋಸ್ಕೋಪಿನ ಪಕ್ಕದಿಂದ ನೋಡಿದಳು. ಅವನು ಏನೋ ಟೈಪ್ ಮಾಡಿದ. ಅವನ ಹೆಸರು ಪಟ್ಟಿಯಿಂದ ಮಾಯವಾಯಿತು.

"ಎಲ್ಲಾ ಕ್ಲೀನ್ ಆಯ್ತು" ಎಂದ.

ಅವಳು ಒಳಕೋಣೆಗೆ ಹೋದವಳು ಅವನು ಹೊರಟಾಗಲೂ ಹೊರಗೆ ಬರಲಿಲ್ಲ. ಈ ಸಲ ನಗುವಿನ ಸದ್ದೂ ಇಲ್ಲ, ಅಷ್ಟೇ ವ್ಯತ್ಯಾಸ ಎಂದುಕೊಂಡು ಅತ್ತಳು.

ತಿಂಗಳುಗಳು ಕಳೆದವು. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಮರೆಯುವಂತೆಯೂ ಇಲ್ಲ. ಅಷ್ಟರಲ್ಲಿ ಲ್ಯಾಬಿನ ಇಂಟರ್ನೆಟ್ ಸಂಪರ್ಕ ಬದಲಾಯಿತು. ಹೊರಗಿನ ಸರ್ವರ್‌ಗಳು ಇವರ ಮೇಲ್‌ಗಳನ್ನು ಗುರುತು ಪರಿಚಯವಿಲ್ಲದವರದ್ದೆಂದು ವಾಪಸ್ ಕಳಿಸತೊಡಗಿದವು. ವರದಿ ಬರಲಿಲ್ಲವೆಂದು ರೋಗಿಗಳು ಬಾಗಿಲಿಗೆ ಬಂದರು. ಮಗಳನ್ನು ಕೇಳದೆ ಅಪ್ಪ ಅವನಿಗೆ ಫೋನ್ ಮಾಡಿದರು.

ಅವನು ಬಂದ. ಸೊರಗಿದ್ದ. ತನಗೊಂದು ಖಾತೆ ಮಾಡಿಕೊಡಬೇಕು, ಕೆಲಸ ಮುಗಿದ ಮೇಲೆ ಅಳಿಸುತ್ತೇನೆ ಎಂದ.

ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಅಳಿಸೋದು ನಿಮಗೆ ಚೆನ್ನಾಗಿ ಬರುತ್ತೆ. ನಾನು ಬರೆದಿದ್ದನ್ನ ಓದಿ ಅಳಿಸಿದ್ರಲ್ಲ... ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು."

ಅವನ ಮುಖ ಬಿಳಿಚಿಕೊಂಡಿತು. "ಏನು ಬರೆದಿದ್ರಿ?"

ಅವನು ತಡವರಿಸುತ್ತ ಹೇಳಿದ. ಬೇರೆಯವರ ಸರ್ವರ್‌ನಲ್ಲಿ ತನ್ನ ಹೆಸರಿನ ಖಾತೆ ಉಳಿಸಿ ಬರುವುದು ತನ್ನ ಪ್ರಕಾರ ತಪ್ಪು. ಗಡಿಯಾರ, ಕನ್ನಡಕಗಳ ನಡುವೆ ತನ್ನ ಹೆಸರು ಕಂಡಾಗ ಅದೂ ಅಭ್ಯಾಸಕ್ಕೆ ಮಾಡಿದ್ದೆಂದುಕೊಂಡ. ಒಂದು ಕ್ಷಣ ಖುಷಿಯಾಗಿತ್ತು. ಖುಷಿಪಟ್ಟದ್ದಕ್ಕೆ ತನ್ನನ್ನೇ ಬೈದುಕೊಂಡು, ತೆರೆದೂ ನೋಡದೆ ಅಳಿಸಿದ್ದ.

"ಬ್ಯಾಕಪ್‌ನಲ್ಲಿ ಇರುತ್ತೆ. ನೀವು ಹೂಂ ಅಂದ್ರೆ ತೆಗೀತೀನಿ."

ಮತ್ತೆ ಕೇಳುವುದೇ? ಹಳೆಯ ನಗು ಅವಳ ಕಿವಿಯಲ್ಲಿ ಮೊಳಗಿತು. ಆದರೂ ಅವನ ಕಡೆ ತಿರುಗಿದಳು.

"ಬೇಡ. ನಾನೇ ಹೇಳ್ತೀನಿ. ನಿಮ್ಮನ್ನ ಮದುವೆ ಆಗೋಕೆ ನನಗೆ ಇಷ್ಟ, ನಿಮಗೂ ಇಷ್ಟಾನಾ ಅಂತ ಕೇಳಿದ್ದೆ."

ಅವನು ನಗಲಿಲ್ಲ. ಅವನ ಕಣ್ಣು ತುಂಬಿ ಬಂದಿತ್ತು.

"ಇಷ್ಟ. ಆವತ್ತೂ ಇಷ್ಟಾನೇ. ಹೊರಡುವಾಗ ಅದನ್ನ ಹೇಳೋಣ ಅಂತಲೇ ನಿಮ್ಮ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದೆ. ನೀವು ಬರಲೇ ಇಲ್ಲ."

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು. ಮೆಲ್ಲಗೆ ಅಂದಳು.

"ನೀವು ಬೇಡ ಅಂದ್ರಿ ಅಂತ ನಂಬಿಕೊಂಡೇ ಇಷ್ಟು ದಿನ ಬದುಕಿದೆ."

"ನಾನೂ ಅಷ್ಟೇ" ಎಂದ ಅವನು, ಅವಳ ಕೈ ಹಿಡಿದುಕೊಂಡು.