ಪೇಟೆಗೆ ಸರಿದ ಹಳ್ಳಿ ಆಸ್ಪತ್ರೆ

2014ರ ಒಂದು ಶುಕ್ರವಾರ ನರ್ಸ್ ಕಲೊಂಡು ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಮನೆಗೆ ಒಂದು ಪತ್ರ ಹಿಡಿದು ಬಂದಳು. ಮಚಾಕೋಸ್ ಪೇಟೆಯಿಂದ ನಲವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿದ್ದ ಅವಳ ಪುಟ್ಟ ಆಸ್ಪತ್ರೆಗೆ ಸರ್ಕಾರದ ದೂರಸಂಪರ್ಕ ನಿಧಿಯಿಂದ ಇಂಟರ್ನೆಟ್ ಬರಬೇಕಿತ್ತು. ಬಂದರೆ ಕಷ್ಟದ ಹೆರಿಗೆಗಳನ್ನು ನೈರೋಬಿಯ ಡಾಕ್ಟರು ಪರದೆಯಲ್ಲೇ ನೋಡಿ ಸಲಹೆ ಕೊಡಬಹುದಿತ್ತು. ಆದರೆ ನಿಧಿ ಹಳ್ಳಿಗಳಿಗೆ ಮಾತ್ರ. ಪತ್ರದ ಜೊತೆಗಿದ್ದ ತಪಾಸಣೆಯ ವರದಿಯಲ್ಲಿ ಹೀಗಿತ್ತು: 'ಹೋಗಿ ನೋಡಿದೆ. ಆಸ್ಪತ್ರೆ ಮಚಾಕೋಸ್ ಪೇಟೆಯಲ್ಲಿದೆ. ಅನರ್ಹ.' ಸಹಿ ಇರಲಿಲ್ಲ. ಮೇಲ್ಮನವಿಗೆ ಅಂದೇ ಸಂಜೆ ಐದರ ಗಡುವು.

ನನ್ನ ಗೆಳತಿ ಸೆಲೆಸ್ಟಿನ್ ಬಾಯಿ ನಿವೃತ್ತ ಮೇಟ್ರನ್. ಊರವರ ಒಗಟುಗಳನ್ನೆಲ್ಲ ಬಿಡಿಸುವವಳು. ಅವಳು ಅರ್ಜಿಯನ್ನು ಎರಡು ಸಲ ಓದಿದಳು. ಮೊದಲ ಪುಟದ ವಿಳಾಸದಲ್ಲಿ ಮಚಾಕೋಸ್ ಅಂಚೆ ಪೆಟ್ಟಿಗೆಯ ಸಂಖ್ಯೆ; ಹಳ್ಳಿಯ ಹೆಸರು ಮೂರನೇ ಪುಟದಲ್ಲಿ.

ಮೂವರೂ ನೈರೋಬಿಯದೇ ಸೌತ್ ಸಿ ಬಡಾವಣೆಯಲ್ಲಿದ್ದ, ನಿಧಿಯ ಪರವಾಗಿ ತಪಾಸಣೆ ಮಾಡುವ ಸಂಸ್ಥೆಗೆ ಹೋದೆವು. ವರದಿ ಬರೆದ ವಾರ ತಪಾಸಣೆಗೆಂದು ಜೀಪು ಒಯ್ದವರು ಇಬ್ಬರೇ. ರುಡಾಲ್ಫ್ ನೈರೋಬಿಯಲ್ಲೇ ಹುಟ್ಟಿ ಬೆಳೆದವನು. ನಿಧಿಯ ಪಟ್ಟಿಯಲ್ಲಿ ಕಲೊಂಡುವಿನ ನಂತರದ ಆಸ್ಪತ್ರೆ ಅವನ ಭಾವನದು; ಅವಳಿಗೆ ತಪ್ಪಿದರೆ ಇಂಟರ್ನೆಟ್ ಅಲ್ಲಿಗೆ. ನನ್ನ ಅನುಮಾನವೆಲ್ಲ ಅವನ ಮೇಲೆ. ಧನಂಜಯ್ ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಕಲೊಂಡುವಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಕೇಳುವ ಮೊದಲೇ ನೀರು ತಂದಿಟ್ಟ. ಅಂಥವನನ್ನು ಶಂಕಿಸುವುದು ಹೇಗೆ?

ಬಾಯಿ ವರದಿಯ ಮಾತೇ ಎತ್ತಲಿಲ್ಲ. ಮನೆಯವರಿಂದ ಕಾಗದಗಳು ಬರುತ್ತವೆಯೇ ಎಂದು ಇಬ್ಬರನ್ನೂ ವಿಚಾರಿಸಿದಳು. ಪ್ರತಿ ಶನಿವಾರ ಅಂಚೆ ಪೆಟ್ಟಿಗೆ ತೆರೆದು ತರುತ್ತೇನೆಂದು ರುಡಾಲ್ಫ್ ಕೀಗೊಂಚಲು ತೋರಿಸಿದ.

"ಅಮ್ಮ ಕಳಿಸಿರೋ ಪಾರ್ಸೆಲ್ ಇನ್ನೂ ಬಂದಿಲ್ಲ ಆಂಟಿ," ಎಂದ ಧನಂಜಯ್. "ಇಲ್ಲಿಯ ಪೋಸ್ಟ್‌ಮ್ಯಾನ್ ಭಾರಿ ಸೋಂಬೇರಿ. ಒಂದು ದಿನವೂ ನಮ್ಮ ಗೇಟ್ ಹತ್ರ ಸುಳಿದಿಲ್ಲ."

ಬಾಯಿ ಸಂಸ್ಥೆಯ ಮುಖ್ಯಸ್ಥೆ ಭಾರ್ಗವಿಯವರನ್ನು ಕರೆಸಿ, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದಳು. ಗಂಟೆ ನಾಲ್ಕಾಗಿತ್ತು.

"ಇಲ್ಲಿ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬರುವುದಿಲ್ಲ ಮಗಾ," ಎಂದಳು. "ಹಳ್ಳಿಯವರೂ ಪೇಟೆಯಲ್ಲೇ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಪೆಟ್ಟಿಗೆ ಇದ್ದಲ್ಲೇ ಆಸ್ಪತ್ರೆ ಇದೆ ಅಂತ ರುಡಾಲ್ಫ್ ನಂಬಲಾರ. ಸುಳ್ಳು ಹೇಳುವುದಿದ್ದರೆ ಆಸ್ಪತ್ರೆ ಮುಚ್ಚಿದೆ ಅನ್ನುತ್ತಿದ್ದ. ಹೋಗಿ ನೋಡಿದವನಂತೂ ಹೀಗೆ ಬರೆಯಲಾರ. ಇದು ಮೊದಲ ಪುಟ ಮಾತ್ರ ಓದಿದ ಹೊಸಬನ ಕೆಲಸ. ಜೀಪು ಎಲ್ಲಿಗೆ ಹೋಗಿತ್ತು?"

ಧನಂಜಯ್ ತಲೆ ತಗ್ಗಿಸಿದ. ಆ ದಿನ ಬಸುರಿ ಹೆಂಡತಿಗೆ ರಕ್ತ ಹೋಗತೊಡಗಿತ್ತಂತೆ. ಜೀಪನ್ನು ದೊಡ್ಡಾಸ್ಪತ್ರೆಗೆ ತಿರುಗಿಸಿದ್ದ. ಹೊಸ ಕೆಲಸ, ನಿಜ ಹೇಳಲು ಹೆದರಿ ಅರ್ಜಿಯ ವಿಳಾಸ ನೋಡಿಯೇ ವರದಿ ಬರೆದಿದ್ದ. ಹೆಂಡತಿ ಈಗ ಚೆನ್ನಾಗಿದ್ದಳು.

ಭಾರ್ಗವಿಯವರು ಬಿಳಿ ಹಾಳೆ ಮುಂದಿಟ್ಟರು. ಅವನು ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ. ಅದನ್ನು ಮೇಲ್ಮನವಿಯ ಜೊತೆ ನಿಧಿಯ ಕಚೇರಿಗೆ ಇಮೇಲ್ ಮಾಡಿದೆವು. ಐದಕ್ಕೆ ಹತ್ತು ನಿಮಿಷವಿದ್ದಾಗ, ಮೇಲ್ಮನವಿ ಸ್ವೀಕರಿಸಿ ಮರುತಪಾಸಣೆಗೆ ಒಪ್ಪಿದ್ದೇವೆಂದು ನಿಧಿಯ ಕಚೇರಿಯಿಂದ ಉತ್ತರ ಬಂತು.

ಅವನು ಕಲೊಂಡುವಿನ ಕ್ಷಮೆ ಕೇಳಿದ. ಅವಳು ಚೀಲ ಹೆಗಲಿಗೇರಿಸಿಕೊಂಡಳು.

"ನಾಳೆ ಬಂದು ನೋಡಿ," ಎಂದಳು. "ನಮ್ಮಲ್ಲಿ ಹನ್ನೊಂದು ಬಸುರಿಯರಿದ್ದಾರೆ. ಈ ಕ್ಷಮೆಯ ಮಾತನ್ನು ಅವರಿಗೆ ಹೇಳಿ."