ಮೊದಲ ನೀರು

ಶುಕ್ರವಾರ ಬೆಳಗ್ಗೆ ಅಂಗಳದಲ್ಲಿ ಹೂವಿನ ನೀರು ಇಳಿಸುವ ತಾಮ್ರದ ಭಟ್ಟಿಯ ತಲೆಯ ಮೇಲಿನ ತಣ್ಣೀರು ಬದಲಾಯಿಸುತ್ತಿದ್ದೆ. ಸೊಸೆ ಸೌಸನ್ ಬೇಕರಿಯಿಂದ ಬಂದವಳು ರೊಟ್ಟಿಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

“ಅತ್ತೆ, ಮೇಷ್ಟ್ರು ಸೀ ತಯ್ಯಿಬ್ ಹೋಗಿಬಿಟ್ರಂತೆ. ನಿನ್ನೆ ಸಂಜೆ. ಕುರ್ಚಿಯಲ್ಲಿ ಕೂತವರು ಕೂತ ಹಾಗೇ.”

“ನಾವು ಅಲ್ಲಾಹನವರು, ಅವನ ಬಳಿಗೇ ಮರಳುವವರು” ಎಂದೆ. ಅದು ನಾಲಿಗೆ ಹೇಳಿದ ಮಾತು. ತಂಬಿಗೆಯ ನೀರು ನನ್ನ ಪಾದದ ಮೇಲೆ ಸುರಿಯುತ್ತಿದ್ದುದು ನನಗೆ ತಿಳಿಯಲಿಲ್ಲ. ಅರುವತ್ತೆರಡರ ವಿಧವೆ, ಸೊಸೆಯ ಎದುರು, ಪಕ್ಕದ ಬೀದಿಯ ಗಂಡಸಿಗಾಗಿ ಎಷ್ಟು ಅಳಬಹುದು?

ನಮ್ಮ ನಾಬೆಲ್ ಪಟ್ಟಣದಲ್ಲಿ ವಸಂತವೆಂದರೆ ಕಹಿಕಿತ್ತಳೆ ಹೂವು. ಮರದಡಿ ಬಿಳಿ ಬಟ್ಟೆ ಹಾಸಿ ಹೂ ಬಿಡಿಸುತ್ತೇವೆ, ಮನೆಮನೆಯಲ್ಲೂ ಭಟ್ಟಿ ಹೂಡಿ ಹೂವಿನ ನೀರು ಇಳಿಸುತ್ತೇವೆ. ಸೀ ತಯ್ಯಿಬರ ಮನೆಯಲ್ಲಿ ಮರವಿತ್ತು, ಭಟ್ಟಿ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಕ್ಕ ಝಕಿಯಾ ಜೊತೆಗಿದ್ದರು. ಆಕೆಗೆ ಮೊಣಕಾಲು ನೋವು. ಹಾಗಾಗಿ ಮೂರು ವರ್ಷದಿಂದ ಅವರ ಹೂವು ನಮ್ಮ ಅಂಗಳಕ್ಕೆ ಬರುತ್ತಿತ್ತು. ಹೂವಿನ ಹಿಂದೆ ಅವರೂ ಬರುತ್ತಿದ್ದರು. ಅವರ ಕಂಕುಳಲ್ಲಿ ಪುರಸಭೆಯ ಲೈಬ್ರರಿಯ ಒಂದು ಪುಸ್ತಕ.

ನಾವು ಹೂವಿನಿಂದ ಎಲೆ ಆರಿಸುವಾಗ ಅವರು ಓದುತ್ತಿದ್ದರು. ಈ ಸಲ ತಂದದ್ದು ಒಬ್ಬ ನಾವಿಕನ ಕಥೆ. ಪ್ರೀತಿಸಿದವಳು ‘ಒಲ್ಲೆ’ ಎಂದು ಹೇಳಿಕಳಿಸಿದಳೆಂದು ಕೇಳಿ ಅವನು ಹಡಗು ಹತ್ತಿಬಿಡುತ್ತಾನೆ.

“ಸರಿಯಾಗೇ ಮಾಡಿದ” ಎಂದರು ಸೀ ತಯ್ಯಿಬ್, ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತ. “ಗಂಡಸಿಗೆ ಮಾನ ಅನ್ನೋದು ಇರುತ್ತಲ್ಲ.”

“ಮಾನವಂತೆ! ಕತ್ತೆ ಅವನು” ಎಂದೆ. “ಯಾರೋ ತಂದ ಮಾತನ್ನ ನಂಬಿದನಲ್ಲ. ಅವಳ ಬಾಗಿಲಿಗೇ ಹೋಗಿ ಕೇಳೋಕೆ ಕಾಲು ಬಿದ್ದುಹೋಗಿತ್ತಾ?”

“ಬಾಗಿಲು ತೆಗೀದೇ ಇದ್ರೆ, ಲಲ್ಲಾ ಬೇಯಾ?” ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ, ಹೆಸರಿಗೆ ಗೌರವದ ‘ಲಲ್ಲಾ’ ಸೇರಿಸಿ.

“ಇನ್ನೊಂದ್ಸಲ ತಟ್ಟಬೇಕು.”

ಸೌಸನ್ ನಕ್ಕಳು. ಅವರು ನಗಲಿಲ್ಲ. ಪುಟದ ನಡುವೆ ಒಂದು ಮೊಗ್ಗು ಇಟ್ಟು ಪುಸ್ತಕ ಮುಚ್ಚಿದರು.

ಮರುದಿನ ಸೌಸನ್ ಒಳಗೆ ಮಗುವಿಗೆ ಉಣಿಸುತ್ತಿದ್ದಾಗ ಮೆಲ್ಲಗೆ ಹೇಳಿದರು: “ಈ ವಯಸ್ಸಲ್ಲಿ ನನಗೆ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮ ಮಗನನ್ನ ಕೇಳೋ ಮೊದಲು ನಿಮ್ಮನ್ನ ಕೇಳ್ತೀನಿ. ನಿಕಾಹ್ ಆಗೋಣ. ಈಗಲೇ ಉತ್ತರ ಬೇಡ. ನೀರು ಇಳಿಸಿ ಆದ ಮೇಲೆ ನನಗೊಂದು ಸೀಸೆ ಕಳಿಸಿ. ಮೊದಲ ನೀರು ಬಂದ್ರೆ ಹೂಂ ಅಂತ. ಎರಡನೇ ನೀರು ಬಂದ್ರೆ... ಪುಸ್ತಕ ಓದೋಕಂತೂ ಬರ್ತೀನಿ.”

“ಸೀಸೆ ನೋಡಿದ್ರೆ ಹೇಗೆ ಗೊತ್ತಾಗುತ್ತೆ?”

“ನಲವತ್ತು ವರ್ಷ ಮೇಷ್ಟ್ರಾಗಿದ್ದೆ. ಯಾರ ಜೇಬಲ್ಲಿ ಏನಿದೆ ಅಂತ ಮೂಗಲ್ಲೇ ಹಿಡೀತಿದ್ದೆ.”

ಮೊದಲು ಇಳಿಯುವ ನೀರಿನ ವಾಸನೆ ಗಾಢ, ಅದರ ಮೇಲೆ ಎಣ್ಣೆ ತೇಲುತ್ತದೆ; ಆಮೇಲೆ ಇಳಿಯುವ ಎರಡನೆಯದು ತೆಳು. ಮೊದಲನೆಯದು ಮನೆಯವರದು. ನೆಂಟರಲ್ಲದವರಿಗೆ ಎಷ್ಟು ಬೇಕಾದವರಾದರೂ ಎರಡನೆಯದೇ. ಇದನ್ನು ನನಗೆ ನನ್ನ ಅತ್ತೆ ಕಲಿಸಿದರು. ಸೌಸನ್‌ಗೆ ನಾನು ಕಲಿಸಿದೆ.

ಮೂರು ರಾತ್ರಿ ನಮಾಜಿನ ಚಾಪೆ ಮಡಿಸದೆ ದೇವರಲ್ಲಿ ದಾರಿ ಕೇಳಿದೆ. ಬುಧವಾರ ಮೊದಲ ನೀರಿನ ಸೀಸೆಯ ಕೊರಳಿಗೆ ಕೆಂಪು ದಾರ ಕಟ್ಟಿ, “ಮೇಷ್ಟ್ರ ಮನೆಗೆ ಕೊಟ್ಟು ಬಾ” ಎಂದು ಸೌಸನ್ ಕೈಗೆ ಕೊಟ್ಟೆ.

ಗುರುವಾರ ಹಸಿರು ಓಢಣಿ ಹೊದ್ದೆ. ಬಾದಾಮಿ ಕರಿದೆ. ಬಾಗಿಲ ಕಡೆ ಎಷ್ಟು ಸಲ ನೋಡಿದೆನೋ. ಅವರು ಬರಲಿಲ್ಲ. ಸಂಜೆ ಸಿಟ್ಟಿನಿಂದ ಓಢಣಿ ತೆಗೆದೆಸೆದೆ. ಅದೇ ಹೊತ್ತಿಗೆ ಅವರ ಉಸಿರು ಹೋಗುತ್ತಿತ್ತು.

ಶುಕ್ರವಾರ ಸೌಸನ್ ರೊಟ್ಟಿ ಕೆಳಗಿಟ್ಟು ಹೇಳಿದಳು: “ಮೇಷ್ಟ್ರ ಕಫನ್ ಬಟ್ಟೆಗೆ ಚಿಮುಕಿಸೋಕೆ ಒಳ್ಳೇ ನೀರು ಒಯ್ಯೋಣ ಅತ್ತೆ. ಮೊದಲನೇದು ಕಪಾಟಲ್ಲಿದೆ.”

ಕಪಾಟು ತೆರೆದೆ. ಕೆಂಪು ದಾರದ ಸೀಸೆ ಅಲ್ಲೇ ಇತ್ತು.

“ಇದು... ಇದು ಇಲ್ಲೇ ಇದೆಯಾ?”

“ಮರೆತು ಅದನ್ನೇ ಕೊಟ್ಟಿದ್ರಿ. ಹೊರಗಿನವರಿಗೆ ಮೊದಲ ನೀರು ಕೊಡ್ತಾರಾ? ನೀವೇ ಕಲಿಸಿದ್ದಲ್ವಾ. ನಾನೇ ಬದಲಾಯಿಸಿದೆ.” ನನ್ನ ಮುಖ ನೋಡಿ ಅವಳ ದನಿ ಸಣ್ಣದಾಯಿತು. “ಅತ್ತೆ, ಏನಾಯ್ತು? ನಾನೇನು ಮಾಡಿದೆ?”

“ಏನಿಲ್ಲ ಮಗಳೇ. ನೀನು ಮಾಡಿದ್ದು ನಾನು ಕಲಿಸಿದ್ದನ್ನೇ.”

ಗೋಡೆ ಹಿಡಿದು ಕೂತೆ. ನಾನು ಒಲ್ಲೆ ಎಂದೆನೆಂದು ತಿಳಿದು ಸತ್ತರಲ್ಲ ಎಂಬ ಒಂದೇ ಮಾತು ಎದೆಯನ್ನು ಕೊರೆಯತೊಡಗಿತು. ಅವರನ್ನು ಮರಳಿ ಕೊಡು ಎಂದು ದೇವರನ್ನು ಕೇಳುವ ಧೈರ್ಯವಿರಲಿಲ್ಲ. ಅರ್ಧ ಗಳಿಗೆ ಕೊಡು, ಒಂದು ಮಾತು ಹೇಳುತ್ತೇನೆ ಎಂದು ಕೇಳಿದೆ. ಅಂಥದ್ದನ್ನು ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ.

ಸಾವಿನ ಮನೆಯಲ್ಲಿ ಝಕಿಯಾ ನನ್ನನ್ನು ಒಳಕೋಣೆಗೆ ಕರೆದರು. ಕಿಟಕಿಯಲ್ಲಿ ದಾರವಿಲ್ಲದ ಸೀಸೆ, ಮುಚ್ಚಳ ತೆಗೆದದ್ದು. ಗೂಟದಲ್ಲಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ.

“ಝಕಿಯಾ, ಅವರು ಅದನ್ನ ಮೂಸಿ ನೋಡಿದ್ರಾ?”

“ನೋಡಿದ. ಮತ್ತೆ ಮತ್ತೆ ಮೂಸಿದ, ಮುಖ ಬಾಡಿತು. ನನಗೆ ಹೆದರಿಕೆ ಆಯ್ತು. ಆಮೇಲೆ ನಕ್ಕುಬಿಟ್ಟ. ‘ಅಕ್ಕಾ, ಇದು ಬೇಯಾ ಕೈ ಅಲ್ಲ, ಸೊಸೆ ಕೈ’ ಅಂದ.” ಆಕೆ ಕಣ್ಣೊರೆಸಿಕೊಂಡರು. “‘ಬೇಯಾನೇ ಕಳಿಸಿದ್ದಾದ್ರೆ?’ ಅಂತ ಕೇಳಿದೆ. ‘ಪುಸ್ತಕದ ವಾದದಲ್ಲಿ ಅವಳ ಹತ್ರ ಸೋತಿದೀನಿ. ಬಾಗಿಲಿಗೇ ಹೋಗಿ ಕೇಳಬೇಕಂತೆ. ತೆಗೀದಿದ್ರೆ ಇನ್ನೊಂದ್ಸಲ ತಟ್ಟಬೇಕಂತೆ. ಶುಕ್ರವಾರದ ನಮಾಜು ಮುಗಿಸಿ ಹೋಗ್ತೀನಿ, ಜುಬ್ಬಾ ಇಸ್ತ್ರಿ ಮಾಡಿಕೊಡು’ ಅಂದ.”

ಆ ಜುಬ್ಬಾದ ತೋಳನ್ನು ಮುಖಕ್ಕೆ ಒತ್ತಿಕೊಂಡೆ. ಝಕಿಯಾ ಬಾಗಿಲು ಮುಂದೆ ಮಾಡಿ ಹೊರಗೆ ನಿಂತರು. ಮಸೀದಿಯಲ್ಲಿ ಶುಕ್ರವಾರದ ಬಾಂಗ್ ಆಯಿತು.

ಮೂರನೆಯ ದಿನ ಬೆಳಗ್ಗೆ ಹೆಂಗಸರು ಗೋರಿಗೆ ಹೋದೆವು. ಸೌಸನ್ ನನ್ನ ಮೊಣಕೈ ಹಿಡಿದಿದ್ದಳು. ಅವಳಿಗೆ ಎಲ್ಲ ಹೇಳಿಯಾಗಿತ್ತು. ಕಪಾಟಿನ ಸೀಸೆಯನ್ನು ಒಯ್ದಿದ್ದೆವು; ಅದರ ಕೆಂಪು ದಾರವನ್ನು ಬಿಚ್ಚಿದವಳು ಅವಳೇ. “ಮನೆಯವರದು ಇದು, ಅತ್ತೆ. ಹಾಕಿ” ಎಂದಳು.

ಹಸಿ ಮಣ್ಣಿನ ಮೇಲೆ ತಲೆಯಿಂದ ಕಾಲಿನವರೆಗೆ ಮೊದಲ ನೀರು ಸುರಿದೆ. ಒಂದು ಹನಿಯನ್ನೂ ಉಳಿಸಿಕೊಳ್ಳಲಿಲ್ಲ.

ಕರುಣಾಮಯನೇ, ನಿನ್ನ ದಾಸ ತಯ್ಯಿಬನನ್ನು ಮನ್ನಿಸು. ಅವನ ಗೋರಿಯನ್ನು ಅಗಲ ಮಾಡು, ಬೆಳಕು ಮಾಡು. ಅವನು ತಟ್ಟಲು ಹೊರಟಿದ್ದ ಬಾಗಿಲನ್ನು ತೆರೆಯುವ ಭಾಗ್ಯ ನನಗೆ ಇರಲಿಲ್ಲ. ನಿನ್ನ ಬಾಗಿಲನ್ನು ಅವನು ಎರಡನೆಯ ಸಲ ತಟ್ಟುವಂತೆ ಮಾಡಬೇಡ. ಅವನಿಗೆ ಶಾಂತಿ ಕೊಡು. ಆಮೀನ್.